ಖಾಲಿ ಟ್ಯಾಂಕಿನ ವಾಸನೆ

ಪೂಜೆಗೆ ಕುಳಿತಿದ್ದಾಗ ಪೆಟ್ರೋಲಿನ ವಾಸನೆ ಬಂತು. ನನ್ನ ಇಷ್ಟಲಿಂಗದ ಪೂಜೆ ಮುಗಿದಿತ್ತು. ಎರಡನೆಯ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯಲ್ಲಿ ಇಟ್ಟುಕೊಂಡಿದ್ದೆ. ಅದು ನನ್ನ ತಮ್ಮನ ಮಗ ಭರತನದು. ಹನ್ನೊಂದು ತಿಂಗಳ ಹಿಂದೆ ಅವನು ಅದನ್ನು ಕೊರಳಿನಿಂದ ತೆಗೆದು ನಮ್ಮ ದೇವರ ಜಗಲಿಯ ಮೇಲಿಟ್ಟು ಹೋಗಿದ್ದ. ಲಿಂಗವನ್ನು ಪೂಜೆಯಿಲ್ಲದೆ ಇಡಬಾರದು. ಆದ್ದರಿಂದ ನನ್ನದರ ಜೊತೆಗೆ ಅದನ್ನೂ ದಿನಾಲು ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು ಪೂಜಿಸುತ್ತಿದ್ದೆ. ಪೂಜೆಯ ಹೊತ್ತಿಗಾದರೂ ಅವನ ಮೇಲಿನ ಸಿಟ್ಟನ್ನು ಬಿಡಬೇಕೆಂದು ಪ್ರಯತ್ನಿಸುತ್ತಿದ್ದೆ. ಒಂದು ದಿನವೂ ಸಾಧ್ಯವಾಗಿರಲಿಲ್ಲ.

ವಾಸನೆ ಹಿತ್ತಲಿನ ತಗಡಿನ ಶೆಡ್ಡಿನಿಂದ ಬರುತ್ತಿತ್ತು. ಅಲ್ಲಿ ನನ್ನ ಹಳೆಯ ಮೋಟಾರ್ ಸೈಕಲ್ಲು ನಿಂತಿತ್ತು. ಅದರ ಟ್ಯಾಂಕು ಖಾಲಿ. ಅದು ಖಾಲಿಯಾಗಿದ್ದರಿಂದಲೇ ನನ್ನ ಹೆಂಡತಿ ಗೌರಕ್ಕ ತೀರಿಕೊಂಡಳು, ಖಾಲಿ ಮಾಡಿದವನು ಭರತ. ನಾನು ನಂಬಿದ್ದು ಇದು. ನಂಬಿ ಊರಿಗೆಲ್ಲ ಹೇಳಿದ್ದೆ.

ಖಾಲಿ ಟ್ಯಾಂಕಿನಿಂದ ವಾಸನೆ ಹೇಗೆ ಬರುತ್ತದೆ?

ಹೋದ ವರ್ಷ ಜ್ಯೇಷ್ಠದಲ್ಲಿ ಒಂದು ಬೆಳಿಗ್ಗೆ ಗೌರಕ್ಕನಿಗೆ ಎದೆ ಹಿಡಿದುಕೊಂಡಿತು. ದವಾಖಾನೆಗೆ ನಮ್ಮೂರು ಎಕ್ಕಂಬಿಯಿಂದ ಶಿರಸಿಗೆ ಹೋಗಬೇಕು. ನಾನು ಕಾರಿನವರಿಗೆ ಫೋನು ಮಾಡುತ್ತಿದ್ದರೆ ಅವಳೇ ಸೆರಗು ಸುತ್ತಿಕೊಂಡು ಹೊರಗೆ ಬಂದು, "ಅವರು ಎದ್ದು ಮುಖ ತೊಳಿಯೂದ್ರಾಗ ನಾವು ಶಿರಸಿ ಮುಟ್ತೀವಿ, ಗಾಡಿ ತಗೀರಿ" ಎಂದಳು. ಅರ್ಧ ದಾರಿಯಲ್ಲಿ, ಎರಡೂ ಕಡೆ ಕಾಡಿರುವಲ್ಲಿ, ಗಾಡಿ ಕೆಮ್ಮಿ ನಿಂತಿತು.

ಟ್ಯಾಂಕಿನ ಕೆಳಗೆ ಎಡಗಡೆಗೆ ಪೆಟ್ರೋಲ್ ಕಾಕ್ ಇರುತ್ತದೆ. ಅದನ್ನು ತಿರುಗಿಸುವ ಕಿವಿ ಕೆಳಮುಖವಾಗಿದ್ದರೆ ಆನ್, ಅಡ್ಡ ಇದ್ದರೆ ಬಂದ್, ಮೇಲ್ಮುಖವಾಗಿದ್ದರೆ ರಿಜರ್ವ್. ಆನ್ ಇದ್ದಾಗ ಪೆಟ್ರೋಲು ಟ್ಯಾಂಕಿನೊಳಗೆ ನಿಂತಿರುವ ಎತ್ತರದ ಕೊಳವೆಯಿಂದ ಇಳಿಯುತ್ತದೆ. ಮಟ್ಟ ಕೊಳವೆಯ ಬಾಯಿಗಿಂತ ಕೆಳಗಾದರೆ ಗಾಡಿ ನಿಲ್ಲುತ್ತದೆ. ಆಗ ಕಿವಿಯನ್ನು ಮೇಲಕ್ಕೆ ತಿರುಗಿಸಿದರೆ ತಳದ ತೂತಿನಿಂದ ಉಳಿದದ್ದು ಬರುತ್ತದೆ. ಆ ದಿನ ನಾನು ಕೈ ಕೆಳಗೆ ಹಾಕಿ ತಿರುಗಿಸಿದೆ. ಹನ್ನೆರಡು ಸಲವೋ ಹದಿನೈದು ಸಲವೋ ಕಿಕ್ ಹೊಡೆದೆ. ಗಾಡಿ ಹತ್ತಲಿಲ್ಲ. ಗೌರಕ್ಕ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು. ಅರ್ಧ ತಾಸಿನ ಮೇಲೆ ಹಾಲಿನ ವ್ಯಾನು ಬಂತು. ದವಾಖಾನೆಯಲ್ಲಿ ಡಾಕ್ಟರು ತಡವಾಯಿತು ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಿಂದಿನ ದಿನ ಭರತ ಆ ಗಾಡಿಯನ್ನು ಒಯ್ದಿದ್ದ. ಯಲ್ಲಾಪುರದಲ್ಲಿ ಹೆದ್ದಾರಿಯ ಮೇಲಿನ ಲಾರಿ ಗ್ಯಾರೇಜಿನಲ್ಲಿ ಕೆಲಸ ಕೇಳಲು ಹೋಗಿ ಸಂಜೆಗೆ ಬಂದಿದ್ದ. ಅವನು ಪೆಟ್ರೋಲು ತೀರಿಸಿ, ಕಾಕನ್ನು ರಿಜರ್ವಿಗೆ ತಿರುಗಿಸಿಕೊಂಡು ಬಂದು, ನನಗೆ ಹೇಳದೆ ಹಾಗೆಯೇ ನಿಲ್ಲಿಸಿದ್ದಾನೆ ಎಂದು ನನಗೆ ಅನ್ನಿಸಿತು. ಮಣ್ಣು ಮಾಡಿ ಬಂದ ದಿನ "ಕಾಕ್ ಮೊದಲೇ ಮೇಲಿದ್ದಿರಬೇಕು" ಎಂದು ಹೇಳಿದೆ. ಮೂರನೆಯ ದಿನದ ಹೊತ್ತಿಗೆ "ಮೇಲಿತ್ತು" ಎಂದು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಅದು ನನ್ನ ಬೆರಳಿಗೂ ನೆನಪಾಗಿಬಿಟ್ಟಿತು.

ಆ ಮೂರನೆಯ ದಿನ ಬಂಧುಗಳೆಲ್ಲ ಕೂತಿದ್ದರು. ಭರತ ನನ್ನ ಮುಂದೆ ಬಂದು ನಿಂತ. "ನಾ ಕಾಕ್ ಮುಟ್ಟಿಲ್ರಿ ದೊಡ್ಡಪ್ಪ. ಆನ್‌ನ್ಯಾಗ ಇತ್ತು, ಆನ್‌ನ್ಯಾಗ ತಂದು ನಿಲ್ಲಿಸೇನಿ. ಲಿಂಗ ಹಿಡಿದು ಹೇಳ್ತೀನಿ." ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ.

"ಸುಳ್ಳು ಹೇಳಾಕ ಲಿಂಗಾನರ ಬಿಡಪಾ" ಎಂದೆ ನಾನು.

ಅವನು ಕರಡಿಗೆ ಕಟ್ಟಿದ ಶಿವದಾರವನ್ನು ತಲೆಯ ಮೇಲಿನಿಂದ ತೆಗೆದು ಜಗಲಿಯ ಮೇಲಿಟ್ಟು ಹೊರಗೆ ಹೋದ. ಯಲ್ಲಾಪುರದ ಕೆಲಸಕ್ಕೆ ಸೇರಿದ. ಹಬ್ಬಕ್ಕೆ ತಾಯಿಯನ್ನು ನೋಡಲು ಬಂದರೂ ನಮ್ಮ ಬಾಗಿಲು ತುಳಿಯಲಿಲ್ಲ. ನಮಗೆ ಮಕ್ಕಳಿಲ್ಲ. ತಮ್ಮ ಮಡಿವಾಳಪ್ಪ ತೀರಿಕೊಂಡ ಮೇಲೆ ಭರತನನ್ನು ಎತ್ತಿ ಆಡಿಸಿದವಳು, ಉಣಿಸಿದವಳು ಗೌರಕ್ಕ. ಅವಳ ಸಾವಿಗೆ ಅವನೇ ಕಾರಣನಾದನಲ್ಲ ಎಂಬುದು ನನ್ನ ಸಂಕಟ.

ಈಗ ಅವಳ ವರ್ಷದ ಪುಣ್ಯತಿಥಿಗೆ ಎಂಟು ದಿನ ಉಳಿದಿತ್ತು. ಭರತನ ತಾಯಿ ನೀಲಗಂಗವ್ವ ಪಕ್ಕದ ಮನೆಯವಳು. ನನಗೆ ಎರಡು ಹೊತ್ತು ರೊಟ್ಟಿ ಕೊಡುವವಳು ಅವಳೇ. ಹಿಂದಿನ ರಾತ್ರಿ ರೊಟ್ಟಿಯ ಬುಟ್ಟಿ ಇಡುತ್ತ, ತಿಥಿಗೆ ಮಗ ಬರಬಹುದೇ ಎಂದು ಕೇಳಿದ್ದಳು. ಬೇಡವೆಂದಿದ್ದೆ. ಅವಳು ಬೆಳಗಿನ ಖಾಲಿ ಬುಟ್ಟಿ ಎತ್ತಿಕೊಂಡು ಹೋಗಿದ್ದಳು.

ವಾಸನೆ ಬಂದ ಮೇಲೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಪಂಚಾಕ್ಷರಿ ಎಣಿಸುತ್ತ ಎರಡು ಸಲ ಲೆಕ್ಕ ತಪ್ಪಿದೆ. ಹೇಗೋ ಮುಗಿಸಿ ಶೆಡ್ಡಿಗೆ ಹೋದೆ. ಕಾಕಿನ ಕೆಳಗೆ ನೆಲದ ಮೇಲೆ ರೂಪಾಯಿಯಗಲ ಒದ್ದೆಯಾಗಿತ್ತು. ನೋಡುತ್ತಿದ್ದಂತೆ ಇನ್ನೊಂದು ಹನಿ ಬಿತ್ತು. ಬಿಸಿಲಿಗೆ ಟ್ಯಾಂಕಿನ ಪ್ಯಾಕಿಂಗ್ ಒಣಗಿ ಬಿರುಕು ಬಿಟ್ಟಿರಬೇಕು. ಮನೆಯೊಳಗೆ ಬಂದು ಕುಳಿತೆ. ಕುಳಿತಿರಲಾಗಲಿಲ್ಲ. ಮತ್ತೆ ಹೋದೆ, ಮತ್ತೆ ಬಂದೆ. ಅಲ್ಪಸ್ವಲ್ಪ ತಳದಲ್ಲಿ ಉಳಿದದ್ದು ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ಸಲ ಹೋಗುವಾಗ ಕನ್ನಡಿಯ ಮೊಳೆಗೆ ತೂಗುಹಾಕಿದ್ದ ಕೀಲಿಯನ್ನು ತೆಗೆದುಕೊಂಡು ಹೋದೆ. ಮುಚ್ಚಳ ತೆಗೆದು ಕಸಬರಿಗೆಯ ಕಡ್ಡಿಯೊಂದನ್ನು ಇಳಿಬಿಟ್ಟೆ. ಕಡ್ಡಿ ಮೂರು ಬೆರಳು ನೆನೆದು ಮೇಲೆ ಬಂತು. ಒರಸಿ ಇನ್ನೊಮ್ಮೆ ಇಳಿಬಿಟ್ಟೆ. ಮತ್ತೆ ಮೂರು ಬೆರಳು.

ಸೀಟು ಬಿಚ್ಚಿ ಟ್ಯಾಂಕನ್ನು ಎತ್ತಿ ಅಂಗಳಕ್ಕೆ ತಂದು ಬಗ್ಗಿಸಿದೆ. ಹಳದಿಗಟ್ಟಿದ, ವಾರ್ನಿಶಿನ ವಾಸನೆಯ ಪೆಟ್ರೋಲು ಒಂದು ಲೀಟರಿನ ಬಾಟಲಿ ತುಂಬಿ, ಇನ್ನೊಂದು ಬಾಟಲಿ ಅರ್ಧವಾಯಿತು. ಶಿರಸಿಗೆ ಹೋಗಿ ತಿರುಗಿ ಬರಲು ಸಾಕಾಗುವಷ್ಟು. ಆ ಬೆಳಿಗ್ಗೆ ಗೌರಕ್ಕ ಕಲ್ಲಿನ ಮೇಲೆ ಕುಳಿತಿದ್ದಾಗಲೂ ಇದು ನನ್ನ ಮೊಣಕಾಲಿನ ನಡುವೆಯೇ ಇತ್ತು.

ಭರತ ರಿಜರ್ವಿಗೆ ತಿರುಗಿಸಿ ಓಡಿಸಿದ್ದರೆ ಇದು ಉಳಿಯುತ್ತಿರಲಿಲ್ಲ. ಇಷ್ಟು ತಿಳಿಯಲು ಮೆಕ್ಯಾನಿಕ್ಕು ಬೇಕಾಗಿಲ್ಲ. ಹಾಗಾದರೆ ರಿಜರ್ವಿನಿಂದ ಪೆಟ್ರೋಲು ಏಕೆ ಇಳಿಯಲಿಲ್ಲ?

ನಾನು ನಲವತ್ತು ವರ್ಷ ಎಕ್ಕಂಬಿ ಕ್ರಾಸಿನಲ್ಲಿ ಸೈಕಲ್ಲು, ಸೀಮೆಎಣ್ಣೆ ಸ್ಟೋವು, ಗ್ಯಾಸ್‌ಲೈಟುಗಳ ರಿಪೇರಿ ಮಾಡಿದವನು. ಅಂಗಡಿ ಮುಚ್ಚಿದ ಮೇಲೂ ಸಾಮಾನುಗಳ ಪೆಟ್ಟಿಗೆ ಮನೆಯಲ್ಲಿದೆ. ಕಾಕಿನ ಎರಡು ಬೋಲ್ಟು ಬಿಚ್ಚಿ ಅದನ್ನು ಟ್ಯಾಂಕಿನಿಂದ ಬೇರೆ ಮಾಡಿದೆ. ಕಿವಿ ಆ ದಿನ ನಾನು ಬಿಟ್ಟಂತೆ ಮೇಲ್ಮುಖವಾಗಿಯೇ ಇತ್ತು. ಕಟ್ಟೆಯ ಮೇಲೆ ಹಳೆಯ ಪಂಚೆ ಹಾಸಿ ಕುಳಿತೆ. ಮುಖದ ತಗಡಿನ ಎರಡು ಸಣ್ಣ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಅವಸರದಲ್ಲಿ ಒಂದರ ತಲೆ ಸವೆಯಿತು. ಎದ್ದು ನೀರು ಕುಡಿದು ಬಂದು, ಸ್ಕ್ರೂಡ್ರೈವರಿನ ಹಿಂದೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಿರುಗಿಸಿದೆ. ತಗಡು ಬಂತು, ಸ್ಪ್ರಿಂಗ್ ಬಂತು, ಕಿವಿ ಬಂತು. ಅದರ ಹಿಂದೆ ಕರಿಯ ರಬ್ಬರಿನ ವಾಶರು, ಅದರಲ್ಲಿ ಆನ್‌ಗೊಂದು ತೂತು, ರಿಜರ್ವಿಗೊಂದು ತೂತು.

ಅದು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿತ್ತು. ಆನ್‌ನ ತೂತು ಇನ್ನೂ ತೂತಿನಂತೆ ಇತ್ತು. ರಿಜರ್ವಿನ ತೂತು ಮುಚ್ಚಿಕೊಂಡು, ಬರಿಯ ಸೂಜಿಯ ಚುಕ್ಕೆಯಂತೆ ಕಾಣುತ್ತಿತ್ತು.

ವಾಶರನ್ನು ತಿರುಗಿಸಿ ನೋಡಿದೆ. ಹಿಂದುಗಡೆ ಸೈಕಲ್ ಟ್ಯೂಬಿನ ಗೆರೆ ಕಂಡಿತು. ಆನ್‌ನ ತೂತಿನ ಅಂಚಿನಲ್ಲಿ ಒಂದು ಸಣ್ಣ ಹಲ್ಲು. ತೂತು ಹೊಡೆಯುವ ನನ್ನ ದೊಡ್ಡ ಪಂಚಿನ ಬಾಯಿ ಒಂದು ಕಡೆ ಮುಕ್ಕಾಗಿದೆ. ಅದು ಹೊಡೆದಲ್ಲೆಲ್ಲ ಆ ಹಲ್ಲು ಬೀಳುತ್ತದೆ. ಈ ವಾಶರನ್ನು ಕತ್ತರಿಸಿದವನು ನಾನು.

ಮೂರು ವರ್ಷದ ಹಿಂದೆ ಕಾಕ್ ಸೋರುತ್ತಿದ್ದಾಗ ಇದೇ ಕಟ್ಟೆಯ ಮೇಲೆ ಕುಳಿತು ಕತ್ತರಿಸಿದ್ದೆ. ಸ್ಟೋವಿಗೂ ಪಂಪಿಗೂ ನಲ್ಲಿಗೂ ಟ್ಯೂಬು ಕತ್ತರಿಸಿ ಹಾಕಿ ರೂಢಿ. ಆನ್‌ಗೆ ದೊಡ್ಡ ತೂತು ಹೊಡೆದೆ. ಪ್ರತಿ ಸೋಮವಾರ ಶಿರಸಿಯಲ್ಲಿ ಪೆಟ್ರೋಲು ಹಾಕಿಸುವವನಿಗೆ ರಿಜರ್ವು ಯಾವಾಗ ಬೇಕಾಗುತ್ತದೆ ಎಂದು ಅದಕ್ಕೆ ಸಣ್ಣ ಪಂಚಿನಿಂದ ಹೊಡೆದೆ. ಆಗ ಭರತ ಪಕ್ಕದಲ್ಲಿಯೇ ನಿಂತಿದ್ದ. "ದೊಡ್ಡಪ್ಪ, ಸೈಕಲ್ ಟ್ಯೂಬ್ ಪೆಟ್ರೋಲಿಗೆ ಉಬ್ಬತೈತ್ರಿ. ಶಿರಸಿಯಿಂದ ಕಾಕಿಂದಽ ವಾಶರ್ ತರ್ತೀನಿ ತಡೀರಿ" ಎಂದಿದ್ದ. "ನೀ ಹುಟ್ಟೂಕ್ಕಿಂತ ಮೊದ್ಲ ನಾ ಟ್ಯೂಬ್ ಕತ್ತರಿಸೇನಿ, ಸರಿ ಅತ್ತಾಗ" ಎಂದಿದ್ದೆ. ಗೌರಕ್ಕ ಒಳಗಿನಿಂದ ನಕ್ಕದ್ದೂ ನೆನಪಿಗೆ ಬಂತು.

ಮನುಷ್ಯನ ಬುದ್ಧಿ ಕೆಟ್ಟದ್ದು. ಅಷ್ಟು ಕಂಡ ಮೇಲೂ ಒಂದು ಸಂದಿ ಹುಡುಕಿತು. ಗಾಡಿ ಹನ್ನೊಂದು ತಿಂಗಳು ನಿಂತಿತ್ತು, ಆಗ ಉಬ್ಬಿರಬಹುದು, ಆ ದಿನ ಸರಿಯಾಗಿಯೇ ಇದ್ದಿರಬಹುದು ಎಂದಿತು. ಆ ಸಂದಿಯನ್ನು ಹಿಡಿದು ಮಧ್ಯಾಹ್ನದವರೆಗೆ ಅಂಗಳದಲ್ಲಿ ತಿರುಗಾಡಿದೆ. ಊಟದ ಹೊತ್ತಿಗೆ ಶಿರಸಿಯ ಬಸ್ಸು ಹತ್ತಿದೆ. ಸ್ಪೇರ್ ಪಾರ್ಟಿನ ಅಂಗಡಿಯಲ್ಲಿ ಆ ಕಾಕಿನ ವಾಶರು, ಪ್ಯಾಕಿಂಗ್, ಜಾಲರಿ ಎಲ್ಲ ಒಂದು ಸಣ್ಣ ಪಾಕೀಟಿನಲ್ಲಿ ಸಿಕ್ಕವು. ಕ್ಯಾನಿನಲ್ಲಿ ಹೊಸ ಪೆಟ್ರೋಲನ್ನೂ ತಂದೆ.

ಸಂಜೆ ಎರಡು ಗಾಜಿನ ಶೀಶೆಗಳಲ್ಲಿ ಆ ಪೆಟ್ರೋಲು ಹಾಕಿದೆ. ಒಂದರಲ್ಲಿ ಅದೇ ಹಳೆಯ ಟ್ಯೂಬಿನಿಂದ ಹೊಸದಾಗಿ ಕತ್ತರಿಸಿದ ವಾಶರು, ಇನ್ನೊಂದರಲ್ಲಿ ಅಂಗಡಿಯಿಂದ ತಂದದ್ದು. ಮುಚ್ಚಳ ಬಿಗಿದು ಶೆಡ್ಡಿನಲ್ಲಿಟ್ಟೆ. ಬೆಳಿಗ್ಗೆ ಪೂಜೆಗೆ ಕೂರುವ ಮೊದಲು ನೋಡಬಾರದೆಂದು ನೇಮ ಮಾಡಿಕೊಂಡಿದ್ದೆ. ನೇಮ ಉಳಿಯಲಿಲ್ಲ. ಸ್ನಾನಕ್ಕೂ ಮೊದಲೇ ಹೋಗಿ ತೆಗೆದು ನೋಡಿದೆ. ಅಂಗಡಿಯದು ಹಾಕಿದಂತೆಯೇ ಇತ್ತು. ನನ್ನದು ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಉಬ್ಬಿ, ರಿಜರ್ವಿನ ತೂತು ಮುಚ್ಚಿಕೊಂಡಿತ್ತು. ಹಳೆಯದರ ಮೇಲೆ ಇಟ್ಟರೆ ಎರಡೂ ಅಚ್ಚಿನಿಂದ ತೆಗೆದಂತೆ ಒಂದೇ ಸಮ. ನಾನು ಕೂರಿಸಿದ ಮರುದಿನದಿಂದಲೇ ಈ ಗಾಡಿಗೆ ರಿಜರ್ವು ಇರಲಿಲ್ಲ. ಮೂರು ವರ್ಷ ಇದು ತಿಳಿಯದೆ ಹೋದದ್ದು ಪ್ರತಿ ಸೋಮವಾರ ಪೆಟ್ರೋಲು ಹಾಕಿಸುವ ನೇಮದಿಂದ.

ಅಂದಿನ ಪೂಜೆಯಲ್ಲಿ ಭರತನ ಲಿಂಗವನ್ನು ಕೈಯಲ್ಲಿ ಹಿಡಿದಾಗ ಕಣ್ಣೆತ್ತಿ ನೋಡಲಾಗಲಿಲ್ಲ. ಹನ್ನೊಂದು ತಿಂಗಳು ಒಂದು ಖರೆ ಆಣೆಯನ್ನು ಸುಳ್ಳೆಂದು ಅಂದುಕೊಂಡೇ ಇದಕ್ಕೆ ಹೂವೇರಿಸಿದ್ದೆ.

ಪೂಜೆ ಮುಗಿಸಿ ನೀಲಗಂಗವ್ವನ ಮನೆಗೆ ಹೋಗಿ, ಹೊಸ್ತಿಲ ಹೊರಗೆ ನಿಂತು, ಎಲ್ಲವನ್ನೂ ಹೇಳಿದೆ. ಉಬ್ಬಿದ ವಾಶರನ್ನು ತೋರಿಸಿದೆ. ಅವಳು ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಲಿಲ್ಲ.

"ನನಗ ಹೇಳಿದ್ರ ಏನಾತ್ರಿ ಬಾವಾರ" ಎಂದಳು. "ಅಂವಗ ಹೇಳ್ರಿ. ಅಂದದ್ದು ಅಂವಗಲ್ಲೇನು."

ಹೇಳುವುದಾದರೆ ಆ ಗಾಡಿಯ ಮೇಲೆಯೇ ಹೋಗಿ ಹೇಳಬೇಕು ಎಂದು ಏಕೆ ಅನ್ನಿಸಿತೋ ತಿಳಿಯದು. ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಕೈಗೆ ಕೆಲಸವಿಲ್ಲದೆ ಕೂರುವುದು ಆಗುತ್ತಿರಲಿಲ್ಲ. ಕಾಕಿನ ಭಾಗಗಳನ್ನೆಲ್ಲ ಪೆಟ್ರೋಲಿನಲ್ಲಿ ನೆನೆಸಿ ಬ್ರಶ್ಶಿನಿಂದ ತಿಕ್ಕಿದೆ. ತಳದ ಬಟ್ಟಲಿನಲ್ಲಿ ಕೆಂಪು ಕೆಸರು ಕೂತಿತ್ತು, ತೆಗೆದೆ. ಆಮೇಲೆ ಕಾಕಿನ ಮೇಲೆ ನಿಂತಿದ್ದ ಆ ಎತ್ತರದ ಕೊಳವೆಯನ್ನು ನೋಡುತ್ತ ಕುಳಿತೆ. ಅದು ಇನ್ನೂ ಒಂದಿಷ್ಟು ಉದ್ದವಿದ್ದರೆ ಗಾಡಿ ಬೇಗ ಕೆಮ್ಮುತ್ತದೆ, ರಿಜರ್ವಿನಲ್ಲಿ ಹೆಚ್ಚು ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಗ್ಯಾಸ್‌ಲೈಟಿನ ಹಿತ್ತಾಳೆಯ ನಳಿಗೆಯ ತುಂಡೊಂದಿತ್ತು. ಹೆಬ್ಬೆರಳಿನ ಅಗಲದಷ್ಟು ಕತ್ತರಿಸಿದೆ. ಕಾಕನ್ನು ಬಿಸಿನೀರಿನಲ್ಲಿ ತೊಳೆದು, ಪೆಟ್ರೋಲಿನ ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗಿಟ್ಟು, ಶೀಶೆಗಳನ್ನೆಲ್ಲ ದೂರ ಮಾಡಿ, ಬೆಸುಗೆ ಹಿಡಿಯಲು ನವಸಾಗರ ತಿಕ್ಕಿ, ಆ ತುಂಡನ್ನು ಕೊಳವೆಯ ತುದಿಗೆ ತವರದಿಂದ ಬೆಸೆದೆ. ಮೊದಲನೆಯ ಬೆಸುಗೆ ಓರೆಯಾಯಿತು. ಕಾಯಿಸಿ ಕಿತ್ತು ಮತ್ತೆ ಬೆಸೆದೆ. ಇದನ್ನು ಮೊದಲೇ ಮಾಡಿದ್ದರೂ ಆ ದಿನಕ್ಕೆ ಉಪಯೋಗವಿರಲಿಲ್ಲ. ತಳದ ತೂತೇ ಮುಚ್ಚಿದ್ದ ಮೇಲೆ ಕೊಳವೆ ಎಷ್ಟು ಉದ್ದವಿದ್ದರೇನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಅಂಗಡಿಯ ವಾಶರನ್ನು ಕೂರಿಸಿ, ಹೊಸ ಪ್ಯಾಕಿಂಗ್ ಹಾಕಿ ಬಿಗಿದೆ. ಟ್ಯಾಂಕಿಗೆ ಸ್ವಲ್ಪ ಹೊಸ ಪೆಟ್ರೋಲು ಹಾಕಿ, ಕೆಳಗೆ ಹಳೆಯ ಕಾಗದ ಹಾಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಕಾರ್ಬುರೇಟರು ತೊಳೆದು ಪ್ಲಗ್ಗು ತಿಕ್ಕಿದ ಮೇಲೆ ಒಂಬತ್ತನೆಯ ಕಿಕ್ಕಿಗೆ ಗಾಡಿ ಹತ್ತಿತು. ನೀಲಗಂಗವ್ವ ಹಿತ್ತಲ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಭರತನ ಕರಡಿಗೆಯನ್ನು ಲಿಂಗವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಗೆ ಎದೆಗೆ ಕಟ್ಟಿಕೊಂಡೆ. ಉಬ್ಬಿದ ವಾಶರನ್ನು ಕಾಗದದಲ್ಲಿ ಕಟ್ಟಿ ಜೇಬಿನಲ್ಲಿಟ್ಟೆ. ಯಲ್ಲಾಪುರ ಮುಟ್ಟುವ ಮೊದಲೇ ರಿಜರ್ವಿಗೆ ಬರುವಷ್ಟೇ ಪೆಟ್ರೋಲನ್ನು ಟ್ಯಾಂಕಿಗೆ ಹಾಕಿ, ಉಳಿದ ಕ್ಯಾನನ್ನು ಮನೆಯಲ್ಲಿ ಬಿಟ್ಟೆ. ಇದು ಬುದ್ಧಿವಂತರ ಕೆಲಸವಲ್ಲ. ಆದರೆ ನಡು ಕಾಡಿನಲ್ಲಿ ಆ ಕೆಮ್ಮನ್ನು ಇನ್ನೊಮ್ಮೆ ಕೇಳದೆ ಭರತನ ಮುಂದೆ ನಿಲ್ಲಲು ಧೈರ್ಯವಿರಲಿಲ್ಲ.

ಮುಂಡಗೋಡ ದಾಟಿದ ಮೇಲೆ ಕಾಡಿನ ನಡುವೆ ಕೆಮ್ಮಿತು. ಆ ದಿನದ್ದೇ ಸದ್ದು. ಹಿಂದಿನ ಸೀಟಿನಿಂದ ಗೌರಕ್ಕ "ಏನಾತ್ರಿ" ಎಂದು ಕೇಳಿದಂತೆಯೇ ಆಯಿತು. ಕೈ ಕೆಳಗೆ ಹಾಕಿದೆ. ಕಿವಿ ಕೆಳಮುಖವಾಗಿತ್ತು. ಮೇಲಕ್ಕೆ ತಿರುಗಿಸಿದೆ. ಗಾಡಿ ವೇಗ ಕಳೆದುಕೊಂಡು ಏಳೆಂಟು ಮಾರು ಉರುಳಿತು. ಆಮೇಲೆ ಒಮ್ಮೆ ಜಗ್ಗಿ, ಸರಿಯಾಗಿ, ಹಿಂದಿನಂತೆಯೇ ಓಡತೊಡಗಿತು.

ಅಷ್ಟೇ ಬೇಕಾಗಿತ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಹತ್ತುತ್ತಿದ್ದೆನೋ ಇಲ್ಲವೋ. ಶಿವನೇ ಎನ್ನುತ್ತ, ಕಣ್ಣೊರಸಿಕೊಳ್ಳುತ್ತ ಓಡಿಸಿದೆ.

ಗ್ಯಾರೇಜಿನಲ್ಲಿ ಕಟ್ಟಿಗೆಯ ಲಾರಿಯೊಂದರ ಕೆಳಗಿನಿಂದ ಭರತನ ಕಾಲು ಮಾತ್ರ ಕಾಣುತ್ತಿತ್ತು. ಗಾಡಿಯ ಸದ್ದಿಗೆ ಅವನು ಹೊರಗೆ ಬಂದ. ಮೊದಲು ಗಾಡಿಯನ್ನು ನೋಡಿದ, ಆಮೇಲೆ ನನ್ನನ್ನು. ಹೊಟ್ಟೆ ಒಳಗೆ ಹೋಗಿತ್ತು, ಗಡ್ಡ ಬಿಟ್ಟಿದ್ದ. ಅವ್ವ ಆರಾಮ ಇದ್ದಾಳೆಯೇ ಎಂದು ಗಾಬರಿಯಿಂದ ಕೇಳಿದ. ಆರಾಮ ಎಂದೆ. ಕಾಗದ ಬಿಚ್ಚಿ ವಾಶರನ್ನು ಅವನ ಕೈಯಲ್ಲಿಟ್ಟೆ.

ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಟ್ಯಾಂಕಿನ್ಯಾಗ ಒಂದೂವರೆ ಲೀಟರ್ ಇತ್ತು. ಇದು ರಿಜರ್ವಿನ ತೂತು ಮುಚ್ಚಿತ್ತು. ಇದು ನಾ ಕತ್ತರಿಸಿದ್ದು. ನಿನ್ನ ಆಣೆ ಖರೆ ಇತ್ತಪಾ. ಸುಳ್ಳು ಆಡಿದಾಂವ ನಾನು."

ಅವನು ವಾಶರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬೆಳಕಿಗೆ ಹಿಡಿದು ತೂತು ನೋಡಿದ. ಅವನು ಬೈದಿದ್ದರೆ ನಾನು ಬೈಸಿಕೊಂಡು ನಿಲ್ಲುತ್ತಿದ್ದೆ. ಬೈಯಲಿಲ್ಲ. ಲಾರಿಯ ಗಾಲಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕುಳಿತ.

"ಗಾಡಿ ಕಾಡಿನಿಂದ ದಬ್ಬಿಕೊಂಡು ಮನಿಗೆ ತಂದಾಂವ ನಾನ ಅಲ್ಲೇನ್ರಿ" ಎಂದ. "ಒಮ್ಮೆ ಟ್ಯಾಂಕ್ ಅಲ್ಲಾಡಿಸಿದ್ರ ಗೊತ್ತಾಗ್ತಿತ್ತು. ಅಲ್ಲಾಡಿಸಲಿಲ್ಲ ನೋಡ್ರಿ." ವಾಶರನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ: "ನೀವು ಅಷ್ಟು ಗಟ್ಟಿ ಹೇಳಿದ ಮ್ಯಾಲ, ನಾನ ತಿರುವಿದ್ನೇನೋ, ಮರತೇನೇನೋ ಅಂತ ನನಗೂ ಅನ್ನಿಸಾಕ ಹತ್ತಿತ್ರಿ. ಅದಕ್ಕ ಲಿಂಗ ತಗದು ಇಟ್ಟೆ. ಸುಳ್ಳು ಆಣಿ ಮಾಡಿದ ಕೊರಳಾಗ ಅದು ಬ್ಯಾಡ ಅಂತ."

ಸಿಟ್ಟಿನಿಂದ ಇಟ್ಟು ಹೋದನೆಂದು ನಾನು ತಿಳಿದಿದ್ದೆ. ಅಂಗಿಯ ಒಳಗಿನಿಂದ ಕರಡಿಗೆಯನ್ನು ತೆಗೆದು ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದೆ. ದಿನಾಲು ಪೂಜೆ ತಪ್ಪಿಸಿಲ್ಲ ಎಂದೆ. ಅವನು ತನ್ನ ಕೈಗಳನ್ನು ನೋಡಿಕೊಂಡ. ಮೊಣಕೈವರೆಗೆ ಗ್ರೀಸು.

"ಇಲ್ಲಿ ಬ್ಯಾಡ್ರಿ" ಎಂದ. "ರವಿವಾರ ತಿಥಿಗೆ ಜಳಕಾ ಮಾಡಿ ಬರ್ತೀನಿ. ದೊಡ್ಡವ್ವನ ಫೋಟೋದ ಮುಂದ ಕೊಡ್ರಿ. ಅಲ್ಲೀತನಕ ನೀವಽ ಮಾಡ್ರಿ ಪೂಜಿ."

ಕೊಡುವುದು ಅಂದೇ ಮುಗಿಯಬೇಕೆಂದು ಬಂದಿದ್ದೆ. ಆದರೂ ತಲೆಯಾಡಿಸಿ ಕರಡಿಗೆಯನ್ನು ಮತ್ತೆ ಎದೆಗೆ ಕಟ್ಟಿಕೊಂಡೆ. ಅವನು ಎದ್ದು ಗಾಡಿಯ ಹತ್ತಿರ ಬಗ್ಗಿ ಕಾಕನ್ನು ನೋಡಿದ.

"ರಿಜರ್ವಿನ್ಯಾಗ ಬಂದೀರಲ್ರಿ."

"ಹೂಂ. ಪೈಪ್ ಸ್ವಲ್ಪ ಉದ್ದ ಮಾಡೇನಿ. ಜಲ್ದಿ ರಿಜರ್ವಿಗೆ ಬರ್ತೈತಿ."

"ಬೆಸುಗಿ ಹಾಕೀರಿ?"

"ಹಿತ್ತಾಳಿ ನಳಿಗಿ. ಟ್ಯೂಬ್ ಅಲ್ಲಪಾ."

ಅವನ ಮುಖದ ಮೇಲೆ ಏನೋ ಬಂದು ಹೋಯಿತು, ನಗುವೆಂದು ಹೇಳಲಾರೆ. ಒಳಗಿನಿಂದ ಕ್ಯಾನು ತಂದು ಟ್ಯಾಂಕಿಗೆ ಎರಡು ಲೀಟರು ಸುರಿದ. ಬಗ್ಗಿ ಕಿವಿಯನ್ನು ಕೆಳಗೆ ತಿರುಗಿಸಿ, "ಆನ್ ಮಾಡೇನಿ, ನೋಡ್ಕೊರ್ರಿ" ಎಂದ. ನಾನು ಬಗ್ಗಿ ನೋಡಿದೆ. ಅವನೂ ಇನ್ನೊಮ್ಮೆ ನೋಡಿದ.

ತಿರುಗಿ ಬರುವಾಗ ಮುಂಡಗೋಡದ ವರೆಗೆ ಮೂರು ಸಲ ಕೈ ಕೆಳಗೆ ಹಾಕಿ ಮುಟ್ಟಿ ನೋಡಿದೆ. ಮೂರೂ ಸಲ ಕಿವಿ ಕೆಳಗೇ ಇತ್ತು. ನನ್ನ ಕೈ ಮಾತ್ರ ನಂಬಲಿಲ್ಲ. ರವಿವಾರದವರೆಗೆ ಆ ಲಿಂಗಕ್ಕೆ ಇನ್ನೂ ಐದು ಪೂಜೆ ಇದ್ದವು.